ಮಲ್ಲತ್ತಹಳ್ಳಿಯಿಂದ ಉಪ್ಪಿನಾಗರದ ತನಕ

ಮಲ್ಲತ್ತಹಳ್ಳಿಯಲ್ಲಿ ಇನ್ನೂ ಕೋಳಿ ಕೂಗುತ್ತದೆ. ಒಂದು ಕಡೆ ಅಪಾರ್ಟ್‌ಮೆಂಟುಗಳು, ಇನ್ನೊಂದು ಕಡೆ ಅಂಬೇಡ್ಕರ್ ಇಂಜಿನಿಯರಿಂಗ್ ಕಾಲೇಜು, ಆಚೆ ಕಲಾಗ್ರಾಮ, ಜ್ಞಾನಭಾರತಿಯ ಮರಗಳು. ಇವುಗಳ ನಡುವೆ ಹೇಗೋ ಉಳಿದುಕೊಂಡಿರುವ ಹಳೇ ಊರಿನ ಓಣಿಯಲ್ಲಿ, ಯಾರದೋ ಹಿತ್ತಿಲಿನ ಹುಂಜ ಬೆಳಗಿನ ಜಾವಕ್ಕೇ ಗಂಟಲು ತೆರೆಯುತ್ತದೆ. ಕುಮಟೆಗೆ ಹೊರಡಲೆಂದು ಕಾರಿಗೆ ಚೀಲ ತುಂಬುತ್ತಿದ್ದಾಗ ಆ ಕೂಗು ಕೇಳಿ ದೊಡ್ಡಮ್ಮ, "ಒಳ್ಳೇ ಶಕುನ ಕಣೇ" ಎಂದರು.

ನನ್ನ ತಲೆಗೆ ಬಂದದ್ದು 1849ರ ಜರ್ಮನಿ. ಅಲ್ಲಿ ಆರ್ನಾಲ್ಡ್ ಬರ್ಥೋಲ್ಡ್ ಎಂಬ ವೈದ್ಯ ಎಳೆಯ ಹುಂಜಗಳ ವೃಷಣ ತೆಗೆದು ನೋಡಿದ. ಜುಟ್ಟು ಬಾಡಿತು, ಕೂಗು ನಿಂತಿತು, ಕಾಲುಕೆದರಿ ಜಗಳಕ್ಕೆ ಹೋಗುವ ಉಮೇದೂ ಇಳಿಯಿತು. ಕೆಲವು ಹುಂಜಗಳಿಗೆ ವೃಷಣವನ್ನು ಇರಬೇಕಾದ ಜಾಗ ಬಿಟ್ಟು ಹೊಟ್ಟೆಯೊಳಗೆ ಬೇರೊಂದು ಕಡೆ ಕಸಿ ಮಾಡಿದ. ಹಳೆಯ ನರಗಳೆಲ್ಲ ಕತ್ತರಿಸಿಹೋಗಿದ್ದವು. ಆದರೂ ಜುಟ್ಟು ಕೆಂಪೇರಿತು, ಹುಂಜ ಕೂಗಿತು! ನರದ ಹಂಗಿಲ್ಲದೆ ರಕ್ತದಲ್ಲೇ ಏನೋ ಸಾಗಿಹೋಗುತ್ತಿದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆ ಅದು. ಆ 'ಏನೋ'ಗೆ ಹಾರ್ಮೋನು ಎಂಬ ಹೆಸರು ಬರಲು 1905ರವರೆಗೆ, ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್‌ವರೆಗೆ ಕಾಯಬೇಕಾಯಿತು.

ಹೊರಟಿದ್ದು ತೊಟ್ಟಿಲ ಶಾಸ್ತ್ರಕ್ಕೆ. ದೊಡ್ಡಮ್ಮನ ಮೊಮ್ಮಗಳನ್ನು ಕುಮಟೆಗೆ ಕೊಟ್ಟಿದೆ, ಅವಳಿಗೆ ಹೆಣ್ಣು ಮಗು. ಕಾರು ಓಡಿಸುವವನು ಚಿಕ್ಕಪ್ಪನ ಮಗ. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು. ನಿರ್ನಾಳ ಗ್ರಂಥಿಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲೆ. ಆದರೆ ಆ ಚಿತ್ರದಲ್ಲಿ ಮನುಷ್ಯನ ಸುತ್ತ ಏನೂ ಇರುವುದಿಲ್ಲ. ಬೆಳಕಿಲ್ಲ, ಊಟವಿಲ್ಲ, ಮಳೆಯಿಲ್ಲ, ರಸ್ತೆಯಿಲ್ಲ. ಗ್ರಂಥಿಗಳು ದೇಹದೊಳಗೆ ಅಡಗಿವೆ ನಿಜ, ಅವು ದಿನವಿಡೀ ಕಿವಿಗೊಟ್ಟು ಕೂತಿರುವುದು ಮಾತ್ರ ಹೊರಗಿನ ಲೋಕಕ್ಕೆ. ಇದನ್ನು ಪಾಠಪುಸ್ತಕಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ತುಮಕೂರು–ಹೊನ್ನಾವರ ಹೆದ್ದಾರಿ.

ಮೊದಲು ಮಾತಾಡಿದ್ದು ಕತ್ತಲೆ. ಮಲ್ಲತ್ತಹಳ್ಳಿಯ ಬೀದಿದೀಪಗಳ ಬಿಳಿ ಬೆಳಕು ಬಿಟ್ಟು ಹೊರಟಾಗ ತಮ್ಮ ಒಂದೇ ಸಮನೆ ಆಕಳಿಸುತ್ತಿದ್ದ. ಮಿದುಳಿನ ನಡುಮಧ್ಯದಲ್ಲಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಕತ್ತಲಾದ ಮೇಲೆ ಮೆಲಟೋನಿನ್ ಸುರಿಸುತ್ತದೆ. ಅದಕ್ಕೆ ತನ್ನದೇ ಕಣ್ಣಿಲ್ಲ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಆಕಾರ ನೋಡುವುದಕ್ಕಲ್ಲದೆ, ಬೆಳಕು ಇದೆಯೋ ಇಲ್ಲವೋ ಎಂದಷ್ಟೇ ಅಳೆಯುವ ಕೆಲವು ಕೋಶಗಳಿವೆ. ಅವು ಕೊಡುವ ಸುದ್ದಿ ಸುಮಾರು 20,000 ನರಕೋಶಗಳ ಒಂದು ಗಡಿಯಾರಕ್ಕೆ ತಲುಪಿ, ಅಲ್ಲಿಂದ ಬಳಸು ದಾರಿಯಲ್ಲಿ ಪೀನಿಯಲ್‌ಗೆ ಮುಟ್ಟುತ್ತದೆ. ಬೆಳಗಾಗುತ್ತಿದೆ ಎಂದರೆ ಮೆಲಟೋನಿನ್ ಇಳಿಯಬೇಕು. ಅದಕ್ಕೂ ಮೊದಲೇ, ನಾವಿನ್ನೂ ಹೊದಿಕೆಯೊಳಗಿರುವಾಗಲೇ, ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಏರತೊಡಗಿರುತ್ತದೆ. ಎದ್ದು ಅರ್ಧ ಮುಕ್ಕಾಲು ಗಂಟೆಯೊಳಗೆ ಅದು ಇನ್ನಷ್ಟು ಏರಿ ದೇಹವನ್ನು ದಿನದ ಕೆಲಸಕ್ಕೆ ಅಣಿಗೊಳಿಸುತ್ತದೆ. ಅಲಾರಂ ಇಟ್ಟದ್ದು ನಾವು, ಎಬ್ಬಿಸಲು ಮುಂಚಿನಿಂದಲೇ ತಯಾರಿ ನಡೆಸಿದ್ದು ಅದು.

ನಾಗರಬಾವಿ, ಸುಮನಹಳ್ಳಿ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದೆವು. ಎಡಕ್ಕೆ ತಿರುಗಿದರೆ ತುಮಕೂರು ರಸ್ತೆ. ಬಲಕ್ಕೆ, ಯಶವಂತಪುರದ ಆಚೆ ಭಾರತೀಯ ವಿಜ್ಞಾನ ಸಂಸ್ಥೆ. ಹಾರ್ಮೋನುಗಳ ಕಥೆಯಲ್ಲಿ ಬೆಂಗಳೂರಿಗೆ ಒಂದು ಜಾಗ ಸಿಕ್ಕಿದ್ದು ಆ ಆವರಣದಲ್ಲಿ. ಎನ್. ಆರ್. ಮೌದ್ಗಲ್ ಮತ್ತು ಅವರ ಶಿಷ್ಯರು ಅಲ್ಲಿ ನಮ್ಮ ದಕ್ಷಿಣ ಭಾರತದ ಮಂಗಗಳನ್ನು ಸಾಕಿ, ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಉಪಾಯ ಸೊಗಸಾಗಿತ್ತು. ಒಂದು ಹಾರ್ಮೋನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳಿಂದ ಅದೊಂದನ್ನೇ ಕಟ್ಟಿಹಾಕುವುದು, ಆಗ ದೇಹದಲ್ಲಿ ಯಾವ ಕೆಲಸ ನಿಂತಿತು ಎಂದು ಗಮನಿಸುವುದು. ಮಿದುಳಿನ ಅಡಿಯ ಪಿಟ್ಯುಟರಿ ಗ್ರಂಥಿ ಸುರಿಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೀಗೆ ತಡೆದಾಗ ಗಂಡು ಮಂಗಗಳ ವೀರ್ಯಾಣು ಸಂಖ್ಯೆ ಕುಸಿಯಿತು, ಗಂಡಸುತನದ ಹಾರ್ಮೋನು ಮಾತ್ರ ಹಾಗೇ ಉಳಿಯಿತು. ಗಂಡಸರಿಗೂ ಒಂದು ಗರ್ಭನಿರೋಧಕ ಲಸಿಕೆ ಸಾಧ್ಯವೇ ಎಂಬ ಪ್ರಶ್ನೆಯನ್ನು ಮಲ್ಲೇಶ್ವರದ ಪಕ್ಕದಲ್ಲೇ ಕೂತು ಕೇಳಿದವರಿದ್ದರು.

ನೆಲಮಂಗಲ ಹಿಂದೆ ಬಿದ್ದಾಗ ದೊಡ್ಡಮ್ಮ ಪರ್ಸಿನಿಂದ ಥೈರಾಯ್ಡ್ ಮಾತ್ರೆಯ ಬಾಟಲಿ ತೆಗೆದು, ಒಂದನ್ನು ನೀರಿನ ಜೊತೆ ನುಂಗಿದರು. ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಕಾಫಿ ಮುಟ್ಟಲು ಅರ್ಧ ಗಂಟೆಯಾದರೂ ಬಿಡಬೇಕು. ಇಲ್ಲದಿದ್ದರೆ ಮಾತ್ರೆಯನ್ನು ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆ ಬಾಟಲಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. 100 ಮಾತ್ರೆ, ಒಂದೊಂದರಲ್ಲಿ 50 ಮೈಕ್ರೋಗ್ರಾಮ್ ಥೈರಾಕ್ಸಿನ್. ಲೆಕ್ಕ ಹಾಕಿದರೆ ಇಡೀ ಬಾಟಲಿಯಲ್ಲಿರುವ ಹಾರ್ಮೋನು 5 ಮಿಲಿಗ್ರಾಮ್. ಉಳಿದದ್ದೆಲ್ಲ ಮಾತ್ರೆಗೆ ಮೈ ಕೊಡುವ ಹಿಟ್ಟು. ಐದು ಮಿಲಿಗ್ರಾಮ್ ಅಂದರೆ ಒಗ್ಗರಣೆಯ ಎರಡು ಸಾಸಿವೆ ಕಾಳಿನ ತೂಕ. ಅಷ್ಟನ್ನು ನೂರು ಪಾಲು ಮಾಡಿ ದಿನಕ್ಕೊಂದು ಪಾಲು ತೆಗೆದುಕೊಂಡರೆ ಒಬ್ಬ ಹೆಂಗಸಿನ ಮೈಬಿಸಿ, ಎದೆಬಡಿತ, ಕೂದಲು, ಕರುಳು, ಮನಸ್ಸಿನ ಮಂಕು ಎಲ್ಲವೂ ಹದಕ್ಕೆ ಬರುತ್ತದೆ! ಮೂರು ತಿಂಗಳು ಮೀರಿ ಸಾಗುವ ಬಾಳುವೆಗೆ ಎರಡು ಸಾಸಿವೆ ಕಾಳು.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬಂದ ಹಬೆಗೇ ಬಾಯಲ್ಲಿ ನೀರೂರಿತು. ಊರಿದ್ದು ನೀರು ಮಾತ್ರವಲ್ಲ. ಊಟದ ವಾಸನೆ, ನೋಟ, ಮೊದಲ ತುತ್ತು, ಇಷ್ಟಕ್ಕೇ ಮೇದೋಜ್ಜೀರಕ ಗ್ರಂಥಿ ಸ್ವಲ್ಪ ಇನ್ಸುಲಿನ್ ಬಿಟ್ಟಿರುತ್ತದೆ. ಹಸಿವನ್ನು ಕೆರಳಿಸಿದ ಗ್ರೆಲಿನ್ ಹೊಟ್ಟೆಯಿಂದಲೇ ಬಂದದ್ದು. ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದದ್ದು 1999ರಲ್ಲಿ. ಅಲ್ಲಿಯವರೆಗೆ ಹೊಟ್ಟೆಯೂ ಇಂಥದೊಂದು ಹಸಿವಿನ ಹಾರ್ಮೋನು ಸುರಿಸುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಇಡ್ಲಿ ಕರುಳಿಗೆ ಇಳಿಯುತ್ತಿದ್ದಂತೆ ಕರುಳಿನ ಗೋಡೆಯಿಂದ ಜಿಎಲ್‌ಪಿ-1 ಹೊರಟು, "ಸಕ್ಕರೆ ಬರುತ್ತಿದೆ" ಎಂದು ಮುಂಚಿತವಾಗಿ ತಿಳಿಸುತ್ತದೆ. ಅದರ ಆಯುಷ್ಯ ನಿಮಿಷಗಳದ್ದು. ಸುದ್ದಿ ಹೇಳಿ ಅಳಿಸಿಹೋಗುತ್ತದೆ.

ಇಷ್ಟೆಲ್ಲ ಗಡಿಬಿಡಿ ಎಷ್ಟು ಸಕ್ಕರೆಗೆ? ನಮ್ಮ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಖಾಲಿ ಹೊಟ್ಟೆಯಲ್ಲಿ ಅದರಲ್ಲೆಲ್ಲ ಕರಗಿರುವ ಸಕ್ಕರೆ ಐದು ಗ್ರಾಮಿನ ಆಸುಪಾಸು. ಪಕ್ಕದ ಮೇಜಿನವರು ಒಂದು ಲೋಟ ಕಾಫಿಗೆ ಸುರಿದುಕೊಂಡದ್ದೇ ಅದಕ್ಕಿಂತ ಹೆಚ್ಚು. ಎರಡು ತಟ್ಟೆ ಇಡ್ಲಿ ಅದರ ಎಷ್ಟೋ ಪಟ್ಟು ಸಕ್ಕರೆಯನ್ನು ರಕ್ತಕ್ಕೆ ತಂದು ಸುರಿಯುತ್ತದೆ. ಆದರೂ ಆರೋಗ್ಯವಂತರ ರಕ್ತದಲ್ಲಿ ಆ ಮಟ್ಟ ಒಂದಿಷ್ಟು ಏರಿ, ಒಂದೆರಡು ಗಂಟೆಯಲ್ಲಿ ಮತ್ತೆ ಸ್ವಸ್ಥಾನಕ್ಕೆ ಬಂದಿರುತ್ತದೆ. ಅದನ್ನು ತರುವುದು ಮೇದೋಜ್ಜೀರಕದಲ್ಲಿ ಅಲ್ಲಲ್ಲಿ ಚದುರಿದ ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳು. ಎಲ್ಲ ಸೇರಿದರೂ ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು. ಅವು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಲೆನಾರ್ಡ್ ಥಾಂಪ್ಸನ್ ಸಾಕ್ಷಿ. ಇನ್ಸುಲಿನ್ ಚುಚ್ಚಿಸಿಕೊಂಡು ಬದುಕಿದ ಮೊದಲ ಹುಡುಗ ಅವನು. ಆಗ ದನ, ಹಂದಿಗಳ ಗ್ರಂಥಿ ಅರೆದು ಇನ್ಸುಲಿನ್ ತೆಗೆಯುತ್ತಿದ್ದರು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಒಂದು ಬಗೆಯ ಯೀಸ್ಟಿನ ಕೈಯಲ್ಲಿ ಮನುಷ್ಯರ ಇನ್ಸುಲಿನ್ ಮಾಡಿಸಿ ಮಾರುಕಟ್ಟೆಗೆ ತಂದಿತು.

ಅರಸೀಕೆರೆ ಕಳೆದ ಮೇಲೆ ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಕಂಬಳಿ ಹೊದ್ದ ಅಜ್ಜ ಕೈ ಎತ್ತಿ ನಿಲ್ಲಿಸಿದರು, ಹಿಂಡು ಅವಸರವಿಲ್ಲದೆ ದಾಟತೊಡಗಿತು. ನಾನು ಕಿಟಕಿ ಇಳಿಸಿ ಅವುಗಳ ತಲೆಗಳನ್ನೇ ನೋಡುತ್ತ ಕೂತೆ. ಈ ತಲೆಗಳೊಳಗಿದ್ದ ಒಂದು ಗುಟ್ಟಿಗಾಗಿ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ಪೈಪೋಟಿ ನಡೆಸಿದ್ದರು. ಥೈರಾಯ್ಡ್‌ಗೆ ಆಜ್ಞೆ ಕೊಡುವುದು ಮಿದುಳಿನ ಅಡಿಯಲ್ಲಿ ತೂಗುವ, ಅರ್ಧ ಗ್ರಾಮ್ ತೂಕದ ಪಿಟ್ಯುಟರಿ. ಪಿಟ್ಯುಟರಿಗೆ ಆಜ್ಞೆ ಕೊಡುವುದು ಅದರ ಮೇಲಿನ ಹೈಪೊಥಲಮಸ್. ಯಾವ ಪದಾರ್ಥದಿಂದ? ಅಮೆರಿಕದಲ್ಲಿ ರೋಜರ್ ಗಿಲ್ಮಾನ್ ಕುರಿಗಳ ಮಿದುಳಿನ ಚೂರುಗಳನ್ನು ಲಕ್ಷಗಟ್ಟಲೆ ಕೂಡಿಹಾಕಿದರು, ಆಂಡ್ರ್ಯೂ ಶಾಲಿ ಹಂದಿಗಳದ್ದನ್ನು. ಸೋಸಿ, ಸೋಸಿ, ಗಿಲ್ಮಾನ್ ಕೈಗೆ ಕೊನೆಗೆ ದಕ್ಕಿದ್ದು ಒಂದು ಮಿಲಿಗ್ರಾಮ್. 1969ರಲ್ಲಿ ಅದರ ರಚನೆ ಬಯಲಾದಾಗ ನೋಡಿದರೆ, ಬರೇ ಮೂರು ಅಮೈನೋ ಆಮ್ಲಗಳ ತುಣುಕು! 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷದ ಬಹುಮಾನದ ಇನ್ನರ್ಧ ರೊಸಾಲಿನ್ ಯಾಲೊ ಎಂಬಾಕೆಗೆ. ಒಂದು ಹನಿ ರಕ್ತದಲ್ಲಿ ಎಣಿಕೆಗೆ ಸಿಗದಷ್ಟು ಕಡಿಮೆ ಇರುವ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ಸಹೋದ್ಯೋಗಿಯ ಜೊತೆ ರೂಪಿಸಿದವಳು ಆಕೆ. ಇವತ್ತು ನಮ್ಮ ಬಡಾವಣೆಯ ಲ್ಯಾಬು ಸಂಜೆಯೊಳಗೆ ವಾಟ್ಸಾಪಿಗೆ ಕಳಿಸುವ ಟಿಎಸ್‌ಎಚ್ ರಿಪೋರ್ಟು ಆ ವಿಧಾನದ ಮೊಮ್ಮಗಳು.

"ನನ್ನ ಟಿಎಸ್‌ಎಚ್ ಜಾಸ್ತಿ ಬಂದಿತ್ತಲ್ಲ, ಮತ್ತೆ ಥೈರಾಯ್ಡ್ ಕಮ್ಮಿ ಅಂತ ಯಾಕೆ ಅಂದ್ರು ಡಾಕ್ಟ್ರು?" ದೊಡ್ಡಮ್ಮ ಹಿಂದಿನ ಸೀಟಿನಿಂದ ಕೇಳಿದರು.

ಬಹಳ ಜನ ಎಡವುವ ಜಾಗ ಇದು. ಟಿಎಸ್‌ಎಚ್ ಥೈರಾಯ್ಡಿನದಲ್ಲ, ಪಿಟ್ಯುಟರಿಯ ದನಿ. ರಕ್ತದಲ್ಲಿ ಥೈರಾಕ್ಸಿನ್ ಸಾಕಷ್ಟಿದ್ದರೆ ಅದು ಪಿಸುಗುಟ್ಟುತ್ತದೆ. ಕಡಿಮೆಯಾದರೆ ದನಿ ಏರಿಸುತ್ತದೆ, ಇನ್ನೂ ಕಡಿಮೆಯಾದರೆ ಕಿರುಚುತ್ತದೆ. ರಿಪೋರ್ಟಿನ ದೊಡ್ಡ ಅಂಕಿ ಅಂದರೆ ಆ ಕಿರುಚಾಟ. ಹೀಗೆ ಕೆಳಗಿನ ಗ್ರಂಥಿಯ ಉತ್ತರ ಕೇಳಿಯೇ ಮೇಲಿನ ಗ್ರಂಥಿ ತನ್ನ ಮಾತನ್ನು ತಿದ್ದಿಕೊಳ್ಳುವುದು ಹಾರ್ಮೋನು ಲೋಕದ ದೊಡ್ಡ ಶಿಸ್ತು. "ಅತ್ತೆ ಸೊಸೆ ಹೀಗಿದ್ದಿದ್ರೆ ಚೆನ್ನಾಗಿರ್ತಿತ್ತು" ಎಂದು ದೊಡ್ಡಮ್ಮ ವಿಷಯ ಮುಗಿಸಿದರು.

ಬೀರೂರು ದಾಟಿದ ಮೇಲೆ ಎಡಗಡೆ ಬಾಬಾಬುಡನ್‌ಗಿರಿಯ ಸಾಲು ನೀಲಿಯಾಗಿ ಎದ್ದು ನಿಂತಿತು. ನೋಡಲು ಕಣ್ಣಿಗೆ ಹಬ್ಬ. ಆದರೆ ಈ ಬೆಟ್ಟಗಳ ಸೀಮೆಗೆ ಥೈರಾಯ್ಡಿನ ಒಂದು ಹಳೆಯ ದುಃಖವಿದೆ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳು ಗಳಗಂಡಕ್ಕೆ ಹೆಸರಾಗಿದ್ದವು. ಥೈರಾಕ್ಸಿನ್ ಅಣುವೊಂದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ. ತೂಕದಲ್ಲಿ ಅದರ ಮೂರನೇ ಎರಡು ಪಾಲು ಅಯೋಡಿನ್ನೇ. ಇದು ಮೈಯಲ್ಲಿ ಹುಟ್ಟುವ ವಸ್ತುವಲ್ಲ. ನೆಲದಿಂದ ಬೆಳೆಗೆ, ಬೆಳೆಯಿಂದ ಅನ್ನಕ್ಕೆ ಬರಬೇಕು. ಸಾವಿರಾರು ವರ್ಷಗಳಿಂದ ಬೆಟ್ಟದ ಮೇಲೆ ಸುರಿದ ಮಳೆ ಮಣ್ಣಿನ ಅಯೋಡಿನ್ ತೊಳೆದು ಹೊಳೆಗೆ, ಹೊಳೆ ಅದನ್ನು ಕಡಲಿಗೆ ಸಾಗಿಸಿಬಿಟ್ಟಿದೆ. ಇಂಥ ನೆಲದ ಅನ್ನವನ್ನೇ ಉಂಡವರಲ್ಲಿ ಥೈರಾಕ್ಸಿನ್ ಕಡಿಮೆಯಾಗುತ್ತದೆ, ಪಿಟ್ಯುಟರಿ ಕಿರುಚುತ್ತದೆ, ಕಚ್ಚಾವಸ್ತುವಿಲ್ಲದ ಗ್ರಂಥಿ ಆ ಕೂಗಿಗೆ ಓಗೊಡಲು ಹೆಣಗಿ ಹೆಣಗಿ ತಾನೇ ಊದಿಕೊಳ್ಳುತ್ತದೆ. ಕುತ್ತಿಗೆಯಲ್ಲಿ ಕಾಣುವ ಗಡ್ಡೆ ಅದು. ಕಾಣದ ಹಾನಿ ಅದಕ್ಕಿಂತ ದೊಡ್ಡದು. ಬಸುರಿಗೆ ಅಯೋಡಿನ್ ಸಾಲದಿದ್ದರೆ ಒಡಲ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕೆಲವು ಊರುಗಳಿಗೆ ಅಯೋಡಿನ್ ಬೆರೆತ ಉಪ್ಪು, ಕೆಲವಕ್ಕೆ ಬರೇ ಉಪ್ಪು ಹಂಚಿ ನೋಡಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಊರುಗಳಲ್ಲಿ ಗಳಗಂಡ ಎದ್ದುಕಾಣುವಂತೆ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮಳೆ ಕಡಲಿಗೆ ಕೊಂಡೊಯ್ದದ್ದನ್ನು ಸರ್ಕಾರ ಉಪ್ಪಿನ ಪೊಟ್ಟಣದಲ್ಲಿ ಬೆಟ್ಟಕ್ಕೆ ವಾಪಸ್ ಕಳಿಸುವ ಕೆಲಸವದು.

ಶಿವಮೊಗ್ಗ, ಸಾಗರ ಕಳೆದು ಜೋಗಕ್ಕೆ ಬಂದಾಗ ಬಿಸಿಲಿನ ದಿನವಾದ್ದರಿಂದ ರಾಜ, ರಾಣಿಯರೆಲ್ಲ ಬಡಕಲಾಗಿದ್ದರು. 253 ಮೀಟರ್ ಕೆಳಗಿನ ಬಂಡೆಗಳು ಕಾಣುತ್ತಿದ್ದವು. ನೀರು ಹಿಡಿದಿಡುವ ಜಾಣತನ ಲಿಂಗನಮಕ್ಕಿ ಅಣೆಕಟ್ಟಿಗೆ ಮಾತ್ರ ಇರುವುದಲ್ಲ. ನಮ್ಮ ಮೂತ್ರಪಿಂಡಗಳು ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸುತ್ತವೆ. ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್. ಉಳಿದದ್ದರಲ್ಲಿ ಬಹುಪಾಲು ತಾನಾಗಿ ರಕ್ತಕ್ಕೆ ಮರಳುತ್ತದೆ. ಕೊನೆಯ ಕೆಲವು ಲೀಟರುಗಳನ್ನು ಉಳಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ಪಿಟ್ಯುಟರಿಯ ಹಿಂಭಾಗದಿಂದ ಬರುವ ವ್ಯಾಸೋಪ್ರೆಸಿನ್. ಬಿಸಿಲಿನಲ್ಲಿ ಸಾಗುತ್ತಿದ್ದ ನಮಗೆ ದಾರಿಯಲ್ಲಿ ಮತ್ತೆ ಮತ್ತೆ ಕಾರು ನಿಲ್ಲಿಸಬೇಕಾಗದೆ ಹೋದದ್ದು ಅದರ ಕೃಪೆ.

ಗೇರುಸೊಪ್ಪೆ ಘಾಟಿಯ ತಿರುವೊಂದರಲ್ಲಿ ಎದುರಿನಿಂದ ಬಸ್ಸು ರಸ್ತೆಯ ನಟ್ಟನಡುವೆ ನುಗ್ಗಿ ಬಂತು. ತಮ್ಮ ಬ್ರೇಕ್ ಒತ್ತಿ ಎಡಕ್ಕೆ ಎಳೆದ. ಬಸ್ಸು ಗಾಳಿ ಬೀಸಿಕೊಂಡು ಹೋಯಿತು. ಎಲ್ಲ ಮುಗಿದ ಮೇಲೆ ನಮ್ಮ ಎದೆ ಡವಗುಟ್ಟಲು ಶುರುವಾಯಿತು. ಅಡ್ರಿನಲ್ ಗ್ರಂಥಿಯ ಒಳತಿರುಳಿನಿಂದ ಅಡ್ರಿನಲಿನ್ ಹೊರಟಿತ್ತು. ಜಪಾನ್ ಮೂಲದ ಜೋಕಿಚಿ ತಕಮಿನೆ 1901ರಲ್ಲಿ ಹರಳಿನ ರೂಪದಲ್ಲಿ ಬೇರ್ಪಡಿಸಿದ ವಸ್ತು ಇದೇ. ಒಂದೇ ಅಡ್ರಿನಲಿನ್, ಆದರೆ ಒಂದೊಂದು ಅಂಗ ಒಂದೊಂದು ಅರ್ಥ ಮಾಡಿಕೊಂಡಿತು. ಹೃದಯ ಓಡಿತು, ಕರುಳು ಕೆಲಸ ನಿಲ್ಲಿಸಿತು. ಚರ್ಮದ ರಕ್ತನಾಳ ಕುಗ್ಗಿ ದೊಡ್ಡಮ್ಮನ ಮುಖ ಬಿಳಿಚಿತು, ತೊಡೆಯ ಸ್ನಾಯುವಿನ ರಕ್ತನಾಳ ಅದೇ ಹೊತ್ತಿಗೆ ಹಿಗ್ಗಿತು. ಯಕೃತ್ತು ಕೂಡಿಟ್ಟ ಸಕ್ಕರೆ ಬಿಚ್ಚಿತು. ಹಾರ್ಮೋನು ತಾನಾಗಿ ಏನನ್ನೂ ಮಾಡುವುದಿಲ್ಲ, ಕೇಳಿಸಿಕೊಂಡ ಕೋಶದ ಗ್ರಾಹಕ ಯಾವ ಬಗೆಯದೋ ಅದರ ಮೇಲೆ ಫಲ. ರಕ್ತದಲ್ಲಿ ಎಲ್ಲರ ಮನೆಮುಂದೆ ಹಾದುಹೋಗುತ್ತದೆ, ಗ್ರಾಹಕವಿಲ್ಲದ ಕೋಶಕ್ಕೆ ಅದು ಬಂದದ್ದೂ ತಿಳಿಯುವುದಿಲ್ಲ. ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗಿಹೋಯಿತು. ದೊಡ್ಡಮ್ಮ ಬೆಳಿಗ್ಗೆ ನುಂಗಿದ ಥೈರಾಕ್ಸಿನ್ ಅರ್ಧಕ್ಕಿಳಿಯಲು ಒಂದು ವಾರ ಬೇಕು. ಇಷ್ಟು ಭಿನ್ನ ಕಾಲಮಾನಗಳು ಒಂದೇ ರಕ್ತದಲ್ಲಿ ತಂಟೆಯಿಲ್ಲದೆ ಓಡಾಡುತ್ತವೆ.

ಕುಮಟೆಯ ಮನೆ ತುಂಬ ನೆಂಟರು. ನಡುಮನೆಯಲ್ಲಿ ಎಲ್ಲರೂ ಮಾತಾಡುತ್ತಿದ್ದಾಗ ಒಳಗೆ ತೊಟ್ಟಿಲಲ್ಲಿ ಮಗು ಸಣ್ಣಗೆ ಅತ್ತಿತು. ಬಾಣಂತಿ ಸೆರಗು ಎದೆಗೊತ್ತಿಕೊಂಡು ಎದ್ದಳು. ಮಗು ಇನ್ನೂ ಬಾಯಿ ಹಚ್ಚಿಲ್ಲ, ದನಿ ಕಿವಿಗೆ ಬಿದ್ದಿದೆ ಅಷ್ಟೇ, ಹಾಲು ಇಳಿದಾಗಿತ್ತು! ಹಾಲು ಮಾಡುವುದು ಪ್ರೊಲ್ಯಾಕ್ಟಿನ್, ಹೊರಗೆ ಹರಿಸುವುದು ಆಕ್ಸಿಟೋಸಿನ್. ಈ ಆಕ್ಸಿಟೋಸಿನ್‌ಗೂ ಜೋಗದಲ್ಲಿ ಹೇಳಿದ ವ್ಯಾಸೋಪ್ರೆಸಿನ್‌ಗೂ ಒಂಬತ್ತು ಅಮೈನೋ ಆಮ್ಲಗಳಲ್ಲಿ ವ್ಯತ್ಯಾಸ ಎರಡೇ. ಎರಡರ ರಚನೆಯನ್ನೂ ಬಿಡಿಸಿ, ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದ ವಿನ್ಸೆಂಟ್ ಡು ವಿನ್ಯೋಗೆ 1955ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಎರಡು ಅಕ್ಷರ ಬದಲಾದರೆ ನೀರು ಕಾಯುವ ಹಾರ್ಮೋನು ಹಾಲು ಕೊಡುವ ಹಾರ್ಮೋನಾಗುತ್ತದೆ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಇದೊಂದಕ್ಕೆ ನನ್ನ ಬೆರಗು ತಗ್ಗಿಲ್ಲ.

ಮರುದಿನ ಮಿರ್ಜಾನದ ಬಳಿ ಅಘನಾಶಿನಿ ದಾಟಿ ಸಾಣಿಕಟ್ಟಾ ಉಪ್ಪಿನಾಗರ ನೋಡಲು ಹೋದೆವು. ಅಳಿವೆಯ ನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಉದ್ದ ಹಿಡಿಯ ಹಲಗೆಯಿಂದ ಹೆಂಗಸರು, ಗಂಡಸರು ಉಪ್ಪನ್ನು ಎಳೆದು ಗುಡ್ಡೆ ಹಾಕುತ್ತಿದ್ದರು. ಕಣ್ಣು ಕುಕ್ಕುವ ಬಿಸಿಲು, ಮೈಯೆಲ್ಲ ಬೆವರು. ಹೊಸಬರಾದ ನಮ್ಮ ಬೆವರಿಗಿಂತ ಬಿಸಿಲಿಗೆ ಪಳಗಿದ ಅವರ ಬೆವರಿನಲ್ಲಿ ಉಪ್ಪು ಕಡಿಮೆ. ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಬರುವ ಆಲ್ಡೋಸ್ಟಿರೋನ್ ಮೂತ್ರದಲ್ಲೂ ಬೆವರಿನಲ್ಲೂ ಉಪ್ಪು ಸೋರದಂತೆ ತಡೆಯುತ್ತದೆ. ಉಪ್ಪಿನ ಗುಡ್ಡೆಯ ನಡುವೆ ನಿಂತು ದುಡಿಯುವವರ ಮೈಯೂ ಉಪ್ಪನ್ನು ಹೀಗೆ ಜಿಪುಣತನದಿಂದ ಕಾಯುತ್ತದೆ.

"ಕಡಲ ಉಪ್ಪಲ್ವೇನಕ್ಕಾ, ಇದರಲ್ಲಿ ಅಯೋಡಿನ್ ಧಾರಾಳ ಇರತ್ತೆ" ಎಂದ ತಮ್ಮ. ಅನೇಕರ ನಂಬಿಕೆ ಇದು. ನಿಜ ಬೇರೆ. ಬಿಸಿಲಲ್ಲಿ ಒಣಗಿದ ಕಡಲ ಉಪ್ಪಿನಲ್ಲಿ ಅಯೋಡಿನ್ ಇಲ್ಲವೆಂಬಷ್ಟು ಕಡಿಮೆ. ಮೀನಿನಲ್ಲಿದೆ, ಕಡಲ ಪಾಚಿಯಲ್ಲಿದೆ, ಹರಳುಪ್ಪಿನಲ್ಲಿಲ್ಲ. ಅದನ್ನು ಪೊಟ್ಯಾಸಿಯಂ ಅಯೋಡೇಟ್ ರೂಪದಲ್ಲಿ ಬೆರೆಸಲೇಬೇಕು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವಂತಿಲ್ಲ ಎಂಬ ನಿಷೇಧ ಒಮ್ಮೆ ಬಂದು, 2000ದಲ್ಲಿ ತೆರವಾಗಿ, 2006ರಿಂದ ಮತ್ತೆ ಜಾರಿಯಲ್ಲಿದೆ. ನಮ್ಮ ಅಡುಗೆಮನೆಗೆ ಬರುವ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಮ್ ಅಯೋಡಿನ್ ಇರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಮ್, ಬಸುರಿಗೆ 250.

ಆದ್ದರಿಂದ ಓದುಗರಲ್ಲಿ ಎರಡು ಮಾತು. ಉಪ್ಪನ್ನು ಹೆಚ್ಚು ತಿನ್ನಬೇಕಿಲ್ಲ, ದಿನಕ್ಕೆ ಐದು ಗ್ರಾಮಿನೊಳಗೇ ಇರಲಿ. ಆದರೆ ತಿನ್ನುವುದು ನಗುವ ಸೂರ್ಯನ ಗುರುತಿರುವ ಅಯೋಡಿನ್ ಉಪ್ಪಾಗಿರಲಿ, ಒಲೆಯ ಬಿಸಿಗೂ ತೇವಕ್ಕೂ ಸಿಗದಂತೆ ಮುಚ್ಚಿದ ಡಬ್ಬಿಯಲ್ಲಿರಲಿ. ಎರಡನೆಯದು ಇನ್ನೂ ಮುಖ್ಯ. ನಮ್ಮ ದೇಶದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಂದು ಥೈರಾಯ್ಡ್ ಕೊರತೆಯೊಂದಿಗೇ ಹುಟ್ಟುತ್ತದೆ. ನೋಡಲು ಏನೂ ತಿಳಿಯುವುದಿಲ್ಲ. ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ಟಿಎಸ್‌ಎಚ್ ನೋಡಿದರೆ ಗೊತ್ತಾಗುತ್ತದೆ. ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಮಗು ಎಲ್ಲರ ಮಕ್ಕಳ ಹಾಗೆ ಓದಿ, ಆಡಿ ಬೆಳೆಯುತ್ತದೆ. ತಡವಾದರೆ ಮಿದುಳಿಗೆ ಆದ ನಷ್ಟ ತುಂಬಿಬರುವುದಿಲ್ಲ. ಕುಮಟೆಯ ಮಗುವಿಗೆ ಮೂರನೆಯ ದಿನವೇ ಈ ಪರೀಕ್ಷೆ ಮಾಡಿಸಿದ್ದರು, ಎಲ್ಲವೂ ಸರಿಯಿತ್ತು. ನಿಮ್ಮ ಮನೆಯಲ್ಲಿ ಹೆರಿಗೆಯಾದರೆ, ಆಸ್ಪತ್ರೆಯಿಂದ ಹೊರಡುವ ಮೊದಲು ಇದನ್ನು ಕೇಳಿ ಮಾಡಿಸಿ.